ಮೊದಲ ಸ್ಥಾನ ಕಾಣದೆ ಹೋದ ಬ್ರೂಕ್ಲಿನ್ ಹುಡುಗ

1997ರ ಮಾರ್ಚ್ 25ರಂದು ಅಮೆರಿಕದ ಸಂಗೀತ ಮಳಿಗೆಗಳಿಗೆ ಒಂದು ಜೋಡಿ ಆಲ್ಬಂ ಮಾರಾಟಕ್ಕೆ ಬಂತು. ಅದರ ಹೊದಿಕೆಯ ಮೇಲೆ ಕಪ್ಪು ಉಡುಪು ತೊಟ್ಟ ಸ್ಥೂಲಕಾಯದ ಯುವಕನೊಬ್ಬ ಶವವಾಹನದ ಪಕ್ಕದಲ್ಲಿ ನಿಂತಿದ್ದ. ಆಲ್ಬಮಿನ ಹೆಸರು 'ಲೈಫ್ ಆಫ್ಟರ್ ಡೆತ್', ಅಂದರೆ ಮರಣಾನಂತರದ ಬದುಕು. ಆ ಚಿತ್ರ ತೆಗೆದಾಗಲೂ ಆ ಹೆಸರಿಟ್ಟಾಗಲೂ ಯುವಕ ಬದುಕಿದ್ದ. ಆಲ್ಬಂ ಕೇಳುಗರ ಕೈಗೆ ಬರುವ ಹೊತ್ತಿಗೆ ಆತ ಗುಂಡೇಟಿಗೆ ಬಲಿಯಾಗಿ 16 ದಿನಗಳು ಕಳೆದಿದ್ದವು.

ಆತನ ಹೆಸರು ಕ್ರಿಸ್ಟೋಫರ್ ವ್ಯಾಲೇಸ್. ರ್‍ಯಾಪ್ ಸಂಗೀತದ ಲೋಕ ಆತನನ್ನು ಬಲ್ಲದ್ದು 'ದ ನೊಟೋರಿಯಸ್ ಬಿ.ಐ.ಜಿ.' ಎಂದು, ಅಭಿಮಾನಿಗಳಿಗೆ ಆತ ಬಿಗ್ಗಿ. ಅಮೆರಿಕದಲ್ಲಿ ಹಾಡುಗಳ ಜನಪ್ರಿಯತೆಯನ್ನು ಅಳೆಯುವ ಬಿಲ್‌ಬೋರ್ಡ್ ಪತ್ರಿಕೆಯ ಪ್ರಧಾನ ಪಟ್ಟಿಗಳಲ್ಲಿ ಆತನ ಎರಡು ಹಾಡುಗಳು ಮತ್ತು ಮೂರು ಆಲ್ಬಂಗಳು ಮೊದಲ ಸ್ಥಾನಕ್ಕೇರಿದವು. ಈ ಐದೂ ಗೆಲುವುಗಳು ಸಂದದ್ದು ಆತನ ಮರಣದ ನಂತರ. ಬದುಕಿದ್ದಾಗ ತನ್ನ ಹೆಸರಿನ ಹಾಡಿಗೆ ಆತ ಆ ಪಟ್ಟಿಯಲ್ಲಿ ಕಂಡ ಅತ್ಯುನ್ನತ ಸ್ಥಾನ ಎರಡನೆಯದು. ದಾಖಲೆಗಳ ಪುಸ್ತಕದಲ್ಲಿ ಭದ್ರವಾದ ಜಾಗ ಪಡೆದ ಈ ಗಾಯಕನಿಗೆ ತನ್ನ ಮುಖ್ಯ ದಾಖಲೆಗಳ ಅರಿವೇ ಇರಲಿಲ್ಲ.

ತಾಯಿ, ನೆರೆಮನೆ, ಬೀದಿ

ವ್ಯಾಲೇಸ್ ಹುಟ್ಟಿದ್ದು 1972ರ ಮೇ 21ರಂದು, ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ. ತಾಯಿ ವೊಲೆಟಾ ವ್ಯಾಲೇಸ್ ಜಮೈಕಾ ದ್ವೀಪದ ಟ್ರೆಲಾನಿ ಪ್ರಾಂತ್ಯದಿಂದ ಬಂದವರು, ಶಿಶುವಿಹಾರದ ಶಿಕ್ಷಕಿ. ಮಗನಿಗೆ ಎರಡು ವರ್ಷವಿದ್ದಾಗ ತಂದೆ ಮನೆ ತೊರೆದರು. ಸೇಂಟ್ ಜೇಮ್ಸ್ ಪ್ಲೇಸ್ ಎಂಬ ಬೀದಿಯ ಬಾಡಿಗೆ ಮನೆಯಲ್ಲಿ ಒಬ್ಬಂಟಿಯಾಗಿ ಮಗನನ್ನು ಸಾಕಿದ ಆಕೆ ದುಡಿಮೆಯ ಜೊತೆಗೇ ತಮ್ಮ ಓದನ್ನೂ ಮುಂದುವರಿಸಿದರು. ಬೇಸಿಗೆ ರಜೆಯಲ್ಲಿ ಮಗನನ್ನು ಜಮೈಕಾದ ತವರಿಗೆ ಕರೆದೊಯ್ಯುತ್ತಿದ್ದರು. ಬೀದಿಯಲ್ಲಿ ಧ್ವನಿವರ್ಧಕಗಳನ್ನು ಜೋಡಿಸಿ, ತಾಳಕ್ಕೆ ತಕ್ಕಂತೆ ಮಾತು ಹೆಣೆಯುವ ಅಲ್ಲಿನ ಪದ್ಧತಿ ಬಾಲಕನ ಕಿವಿಗೆ ಬಿದ್ದದ್ದು ಆಗಲೇ.

ಸಂಗೀತದ ಇನ್ನೊಂದು ಪಾಠ ಸಿಕ್ಕಿದ್ದು ನೆರೆಮನೆಯಲ್ಲಿ. ಜಾಝ್ ಸ್ಯಾಕ್ಸೋಫೋನ್ ವಾದಕ ಡೊನಾಲ್ಡ್ ಹ್ಯಾರಿಸನ್ ಅದೇ ಬೀದಿಯಲ್ಲಿ ವಾಸವಾಗಿದ್ದರು. ಹದಿಹರೆಯದ ವ್ಯಾಲೇಸ್‌ಗೆ ಅವರು ಜಾಝ್ ದಿಗ್ಗಜರ ಧ್ವನಿಮುದ್ರಿಕೆಗಳನ್ನು ಕೇಳಿಸಿದರು. ಬೀಬಾಪ್ ಶೈಲಿಯ ಡ್ರಮ್ ವಾದಕರು ತಾಳವನ್ನು ಒಡೆದು, ಹಿಡಿದು, ಮತ್ತೆ ಸಮಕ್ಕೆ ಬಂದು ಸೇರುವ ಬಗೆಯನ್ನು ವಿವರಿಸಿದರು. ಮುಂದೆ ವ್ಯಾಲೇಸ್‌ನ ಗಾಯನದಲ್ಲಿ ವಿಮರ್ಶಕರು ಮೆಚ್ಚಿದ ಗುಣವೂ ಇದೇ. ಭಾರವಾದ ದನಿಯಲ್ಲಿ, ಅವಸರವಿಲ್ಲದೆ, ಮಾತಾಡಿದಷ್ಟೇ ಸಲೀಸಾಗಿ ಆತ ಪ್ರಾಸಗಳನ್ನು ತಾಳದ ಹಿಂದೆ ಮುಂದೆ ಸರಿಸಬಲ್ಲವನಾಗಿದ್ದ.

ಶಾಲೆಯಲ್ಲಿ ಆತ ಜಾಣ ವಿದ್ಯಾರ್ಥಿ. ಇಂಗ್ಲಿಷ್ ವಿಷಯದಲ್ಲಿ ಬಹುಮಾನ ಪಡೆದವನು. ಆದರೆ ಮನೆಯಿಂದ ಕೆಲವೇ ಹೆಜ್ಜೆ ದೂರದ ಫುಲ್ಟನ್ ಬೀದಿಯಲ್ಲಿ ಬೇರೊಂದು ಆಕರ್ಷಣೆ ಕಾದಿತ್ತು. 1980ರ ದಶಕದ ಮಧ್ಯಭಾಗದಲ್ಲಿ ಅಗ್ಗದ ಕ್ರ್ಯಾಕ್ ಕೊಕೇನ್ ನ್ಯೂಯಾರ್ಕಿನ ಬಡ ಬಡಾವಣೆಗಳನ್ನು ನುಂಗುತ್ತಿತ್ತು. ತಾಯಿ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಮಗ ಮಾದಕವಸ್ತು ಮಾರುವವರ ಜೊತೆ ಸೇರಿದ. ಬಹುಕಾಲ ಆಕೆಗೆ ಇದರ ಸುಳಿವಿರಲಿಲ್ಲ. 17ನೇ ವಯಸ್ಸಿನಲ್ಲಿ ಆತ ಶಾಲೆ ಬಿಟ್ಟ. 1989ರಲ್ಲಿ ಶಸ್ತ್ರಾಸ್ತ್ರ ಹೊಂದಿದ ಆರೋಪದ ಮೇಲೆ ಬಂಧನವಾಯಿತು. 1991ರಲ್ಲಿ ಉತ್ತರ ಕೆರೊಲಿನಾ ರಾಜ್ಯದಲ್ಲಿ ಕೊಕೇನ್ ಮಾರಾಟದ ಆರೋಪದ ಮೇಲೆ ಸಿಕ್ಕಿಬಿದ್ದು ಒಂಬತ್ತು ತಿಂಗಳು ಸೆರೆಮನೆಯಲ್ಲಿ ಕಳೆದ.

ಎಣಿಕೆ ಬದಲಾದ ಕಾಲ

ವ್ಯಾಲೇಸ್ ಸೆರೆವಾಸ ಅನುಭವಿಸಿದ ಅದೇ 1991ರಲ್ಲಿ ಅಮೆರಿಕದ ಸಂಗೀತ ವ್ಯಾಪಾರದಲ್ಲಿ ಸದ್ದಿಲ್ಲದೆ ಒಂದು ಬದಲಾವಣೆ ನಡೆಯಿತು. ಆತನ ಮುಂದಿನ ಬದುಕನ್ನು ಅರ್ಥಮಾಡಿಕೊಳ್ಳಲು ಅದನ್ನು ತಿಳಿಯುವುದು ಅಗತ್ಯ.

ಬಿನಾಕಾ ಗೀತಮಾಲಾ ಕೇಳುತ್ತ ಬೆಳೆದ ನಮ್ಮ ಹಿರಿಯರಿಗೆ ಹಾಡುಗಳ ಏಣಿಯಾಟ ಹೊಸದೇನಲ್ಲ. ಅಮೆರಿಕದಲ್ಲಿ ಈ ಕೆಲಸ ಮಾಡುತ್ತ ಬಂದದ್ದು ಬಿಲ್‌ಬೋರ್ಡ್. ಬಿಡಿಹಾಡುಗಳಿಗಾಗಿ ಅದು 1958ರ ಆಗಸ್ಟ್‌ನಲ್ಲಿ ಆರಂಭಿಸಿದ ಪಟ್ಟಿ 'ಹಾಟ್ 100'. ಆಲ್ಬಂಗಳಿಗೆ ಬೇರೆಯೇ ಪಟ್ಟಿ. ದಶಕಗಳ ಕಾಲ ಈ ಪಟ್ಟಿಗಳಿಗೆ ಆಧಾರವಾಗಿದ್ದದ್ದು ಅಂಗಡಿಗಳೂ ಬಾನುಲಿ ಕೇಂದ್ರಗಳೂ ನೀಡುತ್ತಿದ್ದ ವರದಿಗಳು. ಯಾವ ಹಾಡು ಚೆನ್ನಾಗಿ ಹೋಗುತ್ತಿದೆ ಎಂದು ಅಂಗಡಿಯ ಸಿಬ್ಬಂದಿ ಹೇಳಿದ್ದೇ ಲೆಕ್ಕ. ಹೇಳುವವನ ಅಭಿರುಚಿ, ಪೂರ್ವಗ್ರಹ, ಧ್ವನಿಮುದ್ರಣ ಸಂಸ್ಥೆಗಳ ಓಲೈಕೆ ಎಲ್ಲಕ್ಕೂ ಅಲ್ಲಿ ಅವಕಾಶವಿತ್ತು.

ಆ ಲೆಕ್ಕದಲ್ಲಿ ರ್‍ಯಾಪ್ ಸಂಗೀತ ಬಹುಕಾಲ ಅಂಚಿನಲ್ಲೇ ಉಳಿಯಿತು. ರ್‍ಯಾಪ್ ಹಾಡನ್ನು ದೇಶದ ಮನೆಮನೆಗೆ ಒಯ್ದ 1979ರ 'ರ್‍ಯಾಪರ್ಸ್ ಡಿಲೈಟ್' ಹಾಟ್ 100ರಲ್ಲಿ 36ನೇ ಸ್ಥಾನಕ್ಕಿಂತ ಮೇಲೇರಲಿಲ್ಲ. ರ್‍ಯಾಪ್ ಹಾಡೊಂದು ಆ ಪಟ್ಟಿಯ ತುದಿ ಮುಟ್ಟಲು 1990ರ ನವೆಂಬರ್ ತನಕ ಕಾಯಬೇಕಾಯಿತು. ಅದನ್ನು ಸಾಧಿಸಿದ 'ಐಸ್ ಐಸ್ ಬೇಬಿ'ಯ ಗಾಯಕ ವೆನಿಲಾ ಐಸ್ ಬಿಳಿಯ ಎಂಬುದು ಕಪ್ಪು ಜನರ ಬಡಾವಣೆಗಳಲ್ಲಿ ಹುಟ್ಟಿದ ಈ ಕಲೆಯ ಮಟ್ಟಿಗೆ ಕಹಿ ಸಂಗತಿಯೇ.

1991ರ ಮೇ ತಿಂಗಳಲ್ಲಿ ಬಿಲ್‌ಬೋರ್ಡ್ ತನ್ನ ಆಲ್ಬಂ ಪಟ್ಟಿಗೆ ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆಯನ್ನು ಅಳವಡಿಸಿತು. ಅಂಗಡಿಯ ಗಲ್ಲಾದಲ್ಲಿ ಕ್ಯಾಸೆಟ್ ಇಲ್ಲವೇ ಸಿ.ಡಿ.ಯ ಮೇಲಿನ ಬಾರ್‌ಕೋಡ್ ಓದಿದ ಕೂಡಲೇ ಮಾರಾಟ ದಾಖಲಾಗುತ್ತಿತ್ತು. ಮಧ್ಯದಲ್ಲಿ ಯಾರ ಅಭಿಪ್ರಾಯಕ್ಕೂ ಎಡೆಯಿರಲಿಲ್ಲ. ಫಲಿತಾಂಶ ಕೆಲವೇ ವಾರಗಳಲ್ಲಿ ಕಾಣಿಸಿತು. ಬಾನುಲಿ ಕೇಂದ್ರಗಳು ದೂರವಿಟ್ಟಿದ್ದ ಲಾಸ್ ಏಂಜಲೀಸ್‌ನ ಎನ್.ಡಬ್ಲ್ಯು.ಎ. ತಂಡದ ಆಲ್ಬಂ ಜೂನ್ ತಿಂಗಳಲ್ಲಿ ನೇರವಾಗಿ ಎರಡನೇ ಸ್ಥಾನಕ್ಕೆ ಬಂದು, ಮರುವಾರ ಮೊದಲನೆಯದಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಹಾಟ್ 100 ಕೂಡ ಹೊಸ ಎಣಿಕೆಗೆ ಹೊರಳಿತು. ರ್‍ಯಾಪ್ ಕೇಳುಗರು ಒಮ್ಮೆಲೇ ಹುಟ್ಟಿಕೊಂಡವರಲ್ಲ. ಅದುವರೆಗೆ ಅವರನ್ನು ಯಾರೂ ಸರಿಯಾಗಿ ಎಣಿಸಿರಲಿಲ್ಲ, ಅಷ್ಟೇ. ಇವರೆಲ್ಲ ಲೆಕ್ಕಕ್ಕೆ ಬಂದ ಹೊತ್ತಿನಲ್ಲೇ ಬ್ರೂಕ್ಲಿನ್‌ನ ಹುಡುಗ ಜೈಲಿನಿಂದ ಹೊರಬಂದ.

ಒಂದು ಕ್ಯಾಸೆಟ್ಟಿನ ಪಯಣ

ಬೀದಿಯಲ್ಲಿ ಗೆಳೆಯರ ಮುಂದೆ ಹಾಡುತ್ತಿದ್ದ ವ್ಯಾಲೇಸ್ 'ಬಿಗ್ಗಿ ಸ್ಮಾಲ್ಸ್' ಎಂಬ ಹೆಸರಿಟ್ಟುಕೊಂಡು ಒಂದು ಕ್ಯಾಸೆಟ್ ಧ್ವನಿಮುದ್ರಿಸಿದ. ಆ ಹೆಸರು 1975ರ ಚಲನಚಿತ್ರವೊಂದರ ಪಾತ್ರದ್ದು. ಕ್ಯಾಸೆಟ್ ಡಿಜೆ ಮಿಸ್ಟರ್ ಸೀ ಕೈ ಸೇರಿ, ಅಲ್ಲಿಂದ 'ದ ಸೋರ್ಸ್' ಎಂಬ ಹಿಪ್ ಹಾಪ್ ಮಾಸಪತ್ರಿಕೆಗೆ ತಲುಪಿತು. ಒಪ್ಪಂದ ದೊರೆಯದ ಹೊಸ ಪ್ರತಿಭೆಗಳನ್ನು ಪರಿಚಯಿಸುತ್ತಿದ್ದ ಅದರ ಅಂಕಣದಲ್ಲಿ 1992ರ ಮಾರ್ಚ್‌ನಲ್ಲಿ ವ್ಯಾಲೇಸ್ ಹೆಸರು ಅಚ್ಚಾಯಿತು. ಅಪ್‌ಟೌನ್ ರೆಕಾರ್ಡ್ಸ್ ಸಂಸ್ಥೆಯಲ್ಲಿದ್ದ ತರುಣ ನಿರ್ಮಾಪಕ ಶಾನ್ ಕೋಂಬ್ಸ್ ಆ ದನಿಯನ್ನು ಕೇಳಿ ಒಪ್ಪಂದ ಮಾಡಿಕೊಂಡ.

ಆದರೆ 1993ರಲ್ಲಿ ಕೋಂಬ್ಸ್‌ಗೇ ಅಪ್‌ಟೌನ್ ಕೆಲಸ ತಪ್ಪಿತು. ಅರ್ಧಕ್ಕೆ ನಿಂತ ಆಲ್ಬಂ, ಹುಟ್ಟಲಿರುವ ಮಗಳು, ಬರಿದಾದ ಕೈ. ವ್ಯಾಲೇಸ್ ಮತ್ತೆ ಉತ್ತರ ಕೆರೊಲಿನಾಕ್ಕೆ, ಹಳೆಯ ವ್ಯಾಪಾರಕ್ಕೆ ಮರಳಿದ. ಕೋಂಬ್ಸ್ ತನ್ನದೇ 'ಬ್ಯಾಡ್ ಬಾಯ್' ಸಂಸ್ಥೆ ಕಟ್ಟಿ, ಆತನನ್ನು ಹಿಂದಕ್ಕೆ ಕರೆಸಿಕೊಂಡ. ಆ ಕರೆ ಬಾರದೇ ಹೋಗಿದ್ದರೆ ಈ ಕಥೆ ಪೊಲೀಸ್ ಕಡತದಲ್ಲೇ ಮುಗಿಯುತ್ತಿತ್ತೇನೋ.

1994ರ ಸೆಪ್ಟೆಂಬರ್ 13ರಂದು ಮೊದಲ ಆಲ್ಬಂ 'ರೆಡಿ ಟು ಡೈ' ಹೊರಬಂತು. ಸಾಯಲು ಸಿದ್ಧ ಎಂಬ ಶೀರ್ಷಿಕೆಗೆ ತಕ್ಕಂತೆ ಅದು ಹುಟ್ಟಿನ ಸದ್ದಿನಿಂದ ಆರಂಭವಾಗಿ ಆತ್ಮಹತ್ಯೆಯಲ್ಲಿ ಕೊನೆಗೊಳ್ಳುತ್ತದೆ. ಬಡತನ, ಕಳ್ಳತನ, ಭಯ, ಅಪರಾಧಪ್ರಜ್ಞೆ, ತಾಯಿಯನ್ನು ಕಾಡಿದ ಸ್ತನ ಕ್ಯಾನ್ಸರ್ ಎಲ್ಲವೂ ಅದರಲ್ಲಿವೆ. ಹಿಂಸೆಯ ಚಿತ್ರಣವೂ ಸ್ತ್ರೀಯರ ಕುರಿತ ಒರಟು ಮಾತೂ ಧಾರಾಳವಾಗಿವೆ. ಇಂದಿನ ಕೇಳುಗರಿಗೆ ಕೆಲವು ಕಡೆ ಮುಜುಗರವಾಗದಿರದು. ಆದರೂ ಬೀದಿಬದುಕನ್ನು ಅದರ ಗೆಲುವಿನ ಸಮೇತ, ಅದರ ದುಃಸ್ವಪ್ನದ ಸಮೇತ ಇಷ್ಟು ಸೂಕ್ಷ್ಮವಾಗಿ ಹೇಳಿದ ಆಲ್ಬಂಗಳು ವಿರಳ.

ಮೆಟ್ಟಿಲು ಮೆಟ್ಟಿಲಾಗಿ

ಆಲ್ಬಂ ತನ್ನ ಪಟ್ಟಿಯಲ್ಲಿ 15ನೇ ಸ್ಥಾನದವರೆಗೆ ಹೋಯಿತು. ಬಿಡಿಹಾಡುಗಳ ಏರಿಕೆ ಇನ್ನೂ ಸ್ಪಷ್ಟ. ಬಡತನದಿಂದ ಸಿರಿತನಕ್ಕೆ ಬಂದ ಕಥೆ ಹೇಳುವ 'ಜ್ಯೂಸಿ' ಹಾಟ್ 100ರಲ್ಲಿ 27ನೇ ಸ್ಥಾನ ಮುಟ್ಟಿತು. ನಂತರ ಬಂದ 'ಬಿಗ್ ಪಾಪಾ' ಆರನೇ ಸ್ಥಾನ ತಲುಪಿತು. 1995ರ ಬೇಸಿಗೆಯಲ್ಲಿ 'ಒನ್ ಮೋರ್ ಚಾನ್ಸ್' ಹಾಡಿನ ಹೊಸ ರೂಪ ನೇರವಾಗಿ ಐದನೇ ಸ್ಥಾನಕ್ಕೆ ಬಂದು ಕುಳಿತಿತು. ಅದಕ್ಕೂ ಸ್ವಲ್ಪವೇ ಮುನ್ನ ಮೈಕೆಲ್ ಜಾಕ್ಸನ್‌ನ 'ಸ್ಕ್ರೀಮ್' ಕೂಡ ಐದರಲ್ಲೇ ಪ್ರವೇಶ ಪಡೆದು, ಪ್ರವೇಶದ ವಾರದಲ್ಲಿ ಅತ್ಯುನ್ನತ ಸ್ಥಾನ ಗಳಿಸಿದ ಹಾಡೆಂಬ ದಾಖಲೆ ಬರೆದಿತ್ತು. ಮೂರು ವರ್ಷಗಳ ಹಿಂದಷ್ಟೇ ಸೆರೆಮನೆಯಿಂದ ಬಂದ ಯುವಕ ಪಾಪ್ ಸಂಗೀತದ ಚಕ್ರವರ್ತಿಯ ದಾಖಲೆಯನ್ನು ಸರಿಗಟ್ಟಿದ್ದ. ಆ ಹಾಡು ರಿದಂ ಅಂಡ್ ಬ್ಲೂಸ್ ವಿಭಾಗದ ಪಟ್ಟಿಯಲ್ಲಿ ಅಗ್ರಸ್ಥಾನ ಪಡೆಯಿತು. ಹಾಟ್ 100ರಲ್ಲಿ ಎರಡಕ್ಕೆ ಬಂದು ನಿಂತಿತು.

ಈ ಏರಿಕೆಯ ಹಿಂದೆ ಒಂದು ವ್ಯಾಪಾರಸೂತ್ರವಿತ್ತು. ಕೇಳುಗರ ನೆನಪಿನಲ್ಲಿ ಮೊದಲೇ ನೆಲೆಗೊಂಡ ಹಳೆಯ ಹಾಡುಗಳ ತುಣುಕುಗಳನ್ನು ಎತ್ತಿಕೊಂಡು, ಅದರ ಮೇಲೆ ವ್ಯಾಲೇಸ್‌ನ ಕಠೋರ ಕಥನವನ್ನು ಕೂರಿಸುವುದು. 'ಜ್ಯೂಸಿ'ಗೆ ಎಮ್‌ಟೂಮೆ ತಂಡದ, 'ಬಿಗ್ ಪಾಪಾ'ಗೆ ಐಸ್ಲಿ ಬ್ರದರ್ಸ್ ಅವರ 1983ರ ಹಾಡುಗಳು ಆಧಾರ. ಕ್ಲಬ್ಬಿನಲ್ಲಿ ಕುಣಿಯುವವರಿಗೂ ಕಾರಿನಲ್ಲಿ ಬಾನುಲಿ ಕೇಳುವವರಿಗೂ ಒಪ್ಪುವ ರಾಗ. ಅದರ ಒಳಗೆ ಬೀದಿಯ ಮಾತು. ಇದನ್ನು ರಾಜಿ ಎಂದು ಜರೆದವರೂ ಇದ್ದಾರೆ. ವ್ಯಾಲೇಸ್ ಮಾತ್ರ ಎರಡೂ ಕೇಳುಗ ವರ್ಗಗಳನ್ನು ಬಿಡಲು ಸಿದ್ಧನಿರಲಿಲ್ಲ. 1995ರ ಆಗಸ್ಟ್‌ನ ಸೋರ್ಸ್ ಪ್ರಶಸ್ತಿ ಸಮಾರಂಭದಲ್ಲಿ ವರ್ಷದ ಆಲ್ಬಂ ಸೇರಿದಂತೆ ಹಲವು ಗೌರವಗಳು ಆತನ ಪಾಲಾದವು.

ವೈಷಮ್ಯದ ನೆರಳು

ಏರಿಕೆಯ ಜೊತೆಗೇ ಹಗೆತನವೂ ಬೆಳೆಯಿತು. ಗೆಳೆಯನಾಗಿದ್ದ ಗಾಯಕ ಟೂಪಾಕ್ ಶಕೂರ್ ಮೇಲೆ 1994ರ ನವೆಂಬರ್ 30ರಂದು ನ್ಯೂಯಾರ್ಕಿನ ಕ್ವಾಡ್ ಸ್ಟುಡಿಯೋದಲ್ಲಿ ಗುಂಡಿನ ದಾಳಿಯಾಯಿತು. ಕಟ್ಟಡದಲ್ಲೇ ಇದ್ದ ವ್ಯಾಲೇಸ್ ಮತ್ತು ಕೋಂಬ್ಸ್ ಅವರಿಗೆ ಸಂಚು ಮೊದಲೇ ತಿಳಿದಿತ್ತೆಂದು ಟೂಪಾಕ್ ಶಂಕಿಸಿದ. ಇಬ್ಬರೂ ಅದನ್ನು ನಿರಾಕರಿಸಿದರು. ವೈಯಕ್ತಿಕ ಶಂಕೆ ಬಹುಬೇಗ ಪೂರ್ವ ಕರಾವಳಿ, ಪಶ್ಚಿಮ ಕರಾವಳಿ ಎಂಬ ಬಣಗಳ ಸಮರವಾಯಿತು. ಪತ್ರಿಕೆಗಳ ಮುಖಪುಟಗಳು, ಎದುರಾಳಿಯನ್ನು ಹಳಿಯುವ ಹಾಡುಗಳು ಅದಕ್ಕೆ ತುಪ್ಪ ಸುರಿದವು. ಜಗಳವೂ ಮಾರಾಟದ ಸರಕಾಯಿತು.

1996ರ ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಗುಂಡೇಟು ತಿಂದ ಟೂಪಾಕ್ ಅದೇ ತಿಂಗಳ 13ರಂದು ಅಸುನೀಗಿದ. ಅಂದಿಗೆ 'ರೆಡಿ ಟು ಡೈ' ಬಿಡುಗಡೆಯಾಗಿ ಸರಿಯಾಗಿ ಎರಡು ವರ್ಷ. ಅದೇ ದಿನಗಳಲ್ಲಿ ಕಾರು ಅಪಘಾತದಲ್ಲಿ ಕಾಲು ಮುರಿದುಕೊಂಡ ವ್ಯಾಲೇಸ್, ಬಳಿಕ ಊರುಗೋಲು ಹಿಡಿದು ನಡೆಯಬೇಕಾಯಿತು. ಅಕ್ಟೋಬರ್‌ನಲ್ಲಿ ಪತ್ನಿ, ಗಾಯಕಿ ಫೇಯ್ತ್ ಇವಾನ್ಸ್ ಮಗನಿಗೆ ಜನ್ಮವಿತ್ತರು. ಎರಡನೇ ಆಲ್ಬಮಿನ ಕೆಲಸ ಆಗ ಕೊನೆಯ ಹಂತದಲ್ಲಿತ್ತು. ಆ ವೇಳೆಗೆ ವ್ಯಾಲೇಸ್ ಕಾಗದದ ಮೇಲೆ ಬರೆಯುವುದನ್ನೇ ಬಿಟ್ಟಿದ್ದ. ಸ್ಟುಡಿಯೋದಲ್ಲಿ ಗಂಟೆಗಟ್ಟಲೆ ಮೌನವಾಗಿ ಕುಳಿತು ಸಾಲುಗಳನ್ನು ತಲೆಯಲ್ಲೇ ಕಟ್ಟಿ, ಎದ್ದು ಹೋಗಿ ಹಾಡುತ್ತಿದ್ದ.

1997ರ ಫೆಬ್ರುವರಿಯಲ್ಲಿ 'ಹಿಪ್ನೊಟೈಸ್' ಹಾಡಿನ ವಿಡಿಯೊ ಚಿತ್ರೀಕರಣಕ್ಕೂ ಆಲ್ಬಮಿನ ಪ್ರಚಾರಕ್ಕೂ ಆತ ಲಾಸ್ ಏಂಜಲೀಸ್‌ಗೆ ಬಂದ. ಮಾರ್ಚ್ 8ರ ರಾತ್ರಿ ಪೀಟರ್ಸನ್ ಆಟೊಮೋಟಿವ್ ವಸ್ತುಸಂಗ್ರಹಾಲಯದಲ್ಲಿ ಔತಣಕೂಟವಿತ್ತು. ಮಧ್ಯರಾತ್ರಿಯ ನಂತರ ಅಲ್ಲಿಂದ ಹೊರಟ ಆತನ ವಾಹನ ಸಂಚಾರದೀಪದ ಬಳಿ ನಿಂತಾಗ, ಪಕ್ಕಕ್ಕೆ ಬಂದ ಕಾರಿನಿಂದ ಗುಂಡು ಹಾರಿತು. ನಾಲ್ಕು ಗುಂಡುಗಳು ಆತನ ದೇಹ ಹೊಕ್ಕವು. ಮಾರ್ಚ್ 9ರ ನಸುಕಿನ 1.15ಕ್ಕೆ ಆಸ್ಪತ್ರೆಯಲ್ಲಿ ಸಾವು ಘೋಷಿಸಲಾಯಿತು. ವಯಸ್ಸು 24. ಮಾರ್ಚ್ 18ರಂದು ಶವಯಾತ್ರೆ ಬ್ರೂಕ್ಲಿನ್‌ನ ಹಳೆಯ ಬೀದಿಗಳಲ್ಲಿ ಸಾಗಿದಾಗ ಸಾವಿರಾರು ಜನ ಇಕ್ಕೆಲಗಳಲ್ಲಿ ನಿಂತಿದ್ದರು.

176ರಿಂದ ಒಂದಕ್ಕೆ

ಕೆಲವು ಮಳಿಗೆಗಳು ನಿಗದಿತ ದಿನಕ್ಕೆ ಮೊದಲೇ 'ಲೈಫ್ ಆಫ್ಟರ್ ಡೆತ್' ಮಾರಿದ್ದರಿಂದ ಅದು ಆಲ್ಬಂ ಪಟ್ಟಿಯಲ್ಲಿ 176ನೇ ಸ್ಥಾನದಲ್ಲಿ ಕಾಣಿಸಿಕೊಂಡಿತು. ಮರುವಾರ ಅದು ಮೊದಲ ಸ್ಥಾನದಲ್ಲಿತ್ತು. ಒಂದೇ ವಾರದಲ್ಲಿ ಅಗ್ರಸ್ಥಾನಕ್ಕೆ ಅಷ್ಟು ದೊಡ್ಡ ಜಿಗಿತವನ್ನು ಅದುವರೆಗೆ ಯಾವ ಆಲ್ಬಮೂ ಕಂಡಿರಲಿಲ್ಲ. ಪೂರ್ಣ ಮಾರಾಟದ ಮೊದಲ ವಾರದಲ್ಲಿ ಸುಮಾರು 6.9 ಲಕ್ಷ ಪ್ರತಿಗಳು ಖರ್ಚಾದವು. 2000ರಲ್ಲಿ ಅದಕ್ಕೆ ಒಂದು ಕೋಟಿಯ ಗುರುತಾದ 'ಡೈಮಂಡ್' ಮಾನ್ಯತೆ ಸಿಕ್ಕಿತು. ಜೋಡಿ ಆಲ್ಬಮಿನ ಪ್ರತಿ ತಟ್ಟೆಯನ್ನೂ ಪ್ರತ್ಯೇಕವಾಗಿ ಎಣಿಸುವುದು ಅಲ್ಲಿನ ನಿಯಮ. ಹಾಗಾಗಿ ಕೋಟಿ ಎಂದರೆ 50 ಲಕ್ಷ ಜೋಡಿಗಳು.

1997ರ ಮೇ 3ರ ಹಾಟ್ 100 ಪಟ್ಟಿಯಲ್ಲಿ 'ಹಿಪ್ನೊಟೈಸ್' ಮೊದಲ ಸ್ಥಾನಕ್ಕೇರಿ ಮೂರು ವಾರ ಅಲ್ಲಿತ್ತು. ಮರಣಾನಂತರ ಈ ಗೌರವ ಪಡೆದವರು ಅದಕ್ಕೂ ಮುನ್ನ ಬೆರಳೆಣಿಕೆಯಷ್ಟು: ಓಟಿಸ್ ರೆಡಿಂಗ್, ಜ್ಯಾನಿಸ್ ಜಾಪ್ಲಿನ್, ಜಿಮ್ ಕ್ರೋಚಿ, ಜಾನ್ ಲೆನನ್. ಅವರೆಲ್ಲರಿಗೂ ಅದು ಒಂದೊಂದೇ ಬಾರಿ ಸಿಕ್ಕಿತ್ತು. ಆಗಸ್ಟ್ 30ರಂದು 'ಮೋ ಮನಿ ಮೋ ಪ್ರಾಬ್ಲಮ್ಸ್' ಕೂಡ ತುದಿಗೇರಿದಾಗ, ಮರಣಾನಂತರ ಎರಡು ಹಾಡುಗಳಿಂದ ಅಗ್ರಸ್ಥಾನ ಗಳಿಸಿದ ಮೊದಲ ಕಲಾವಿದ ಎಂಬ ದಾಖಲೆ ವ್ಯಾಲೇಸ್ ಹೆಸರಿಗೆ ಸೇರಿತು.

ಆ ಎರಡು ಹಾಡುಗಳ ನಡುವೆ ಅದೇ ಪಟ್ಟಿಯನ್ನು 11 ವಾರ ಆಳಿದ್ದು ಆತನಿಗಾಗಿ ಅತ್ತ ಹಾಡು. ಕೋಂಬ್ಸ್ ಮತ್ತು ಫೇಯ್ತ್ ಇವಾನ್ಸ್ ಹಾಡಿದ ಶ್ರದ್ಧಾಂಜಲಿ ಗೀತೆ 'ಐ'ಲ್ ಬಿ ಮಿಸ್ಸಿಂಗ್ ಯು' ಜೂನ್ 14ರಂದು ಪ್ರವೇಶಿಸಿದ್ದೇ ಮೊದಲ ಸ್ಥಾನದಲ್ಲಿ. ರ್‍ಯಾಪ್ ಹಾಡೊಂದು ಹೀಗೆ ನೇರವಾಗಿ ಅಗ್ರಸ್ಥಾನಕ್ಕೆ ಬಂದದ್ದು ಅದೇ ಮೊದಲು. ಮೆಟ್ಟಿಲುಗಳ ಕೆಳಗೆ ಹಳೆಯ ಮೆಟ್ಟಿಲುಗಳೂ ಇದ್ದವು: 'ಹಿಪ್ನೊಟೈಸ್'ಗೆ ಆಧಾರವಾದ ಹರ್ಬ್ ಆಲ್ಪರ್ಟ್ ಅವರ 'ರೈಸ್' 1979ರಲ್ಲಿ, ಶ್ರದ್ಧಾಂಜಲಿ ಗೀತೆಗೆ ಆಧಾರವಾದ ಪೊಲೀಸ್ ತಂಡದ ಹಾಡು 1983ರಲ್ಲಿ ಇದೇ ಪಟ್ಟಿಯ ತುದಿಯಲ್ಲಿದ್ದವು.

ಮರುವರ್ಷದ ಗ್ರ್ಯಾಮಿ ಪ್ರಶಸ್ತಿಗಳಿಗೆ ವ್ಯಾಲೇಸ್ ಹೆಸರು ಹಲವು ವಿಭಾಗಗಳಲ್ಲಿ ನಾಮಕರಣಗೊಂಡರೂ ಒಂದೂ ದಕ್ಕಲಿಲ್ಲ. ಶ್ರದ್ಧಾಂಜಲಿ ಗೀತೆಗೆ ಪ್ರಶಸ್ತಿ ಬಂತು. ಅತ್ಯುತ್ತಮ ರ್‍ಯಾಪ್ ಆಲ್ಬಂ ಗೌರವ ಕೋಂಬ್ಸ್‌ನ ಆಲ್ಬಮಿಗೆ ಹೋಯಿತು. 1999ರ 'ಬಾರ್ನ್ ಅಗೇನ್', 2007ರ ಆಯ್ದ ಹಾಡುಗಳ ಸಂಕಲನ ಮತ್ತೆ ಮೊದಲ ಸ್ಥಾನ ಪಡೆದವು.

ಅಂಕಿ ಹೇಳದ ಲೆಕ್ಕ

ಸಾವು ಮಾರಾಟವನ್ನು ಹೆಚ್ಚಿಸಿತೇ ಎಂಬ ಪ್ರಶ್ನೆ ಸಹಜ. ಹೆಚ್ಚಿಸಿತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ 27, ಆರು, ಎರಡು ಎಂಬ ಏರುಗತಿಯನ್ನು ನೋಡಿದವರಿಗೆ, ಮುಂದಿನ ಮೆಟ್ಟಿಲು ಯಾವುದೆಂದು ಊಹಿಸಲು ಕೊಲೆಯ ಅಗತ್ಯ ಕಾಣದು. 'ಲೈಫ್ ಆಫ್ಟರ್ ಡೆತ್'ನ ಕೊನೆಯ ಹಾಡಿನ ಶೀರ್ಷಿಕೆಗೆ, ಯಾರಾದರೂ ಕೊಲ್ಲುವ ತನಕ ಮನುಷ್ಯ ಲೆಕ್ಕಕ್ಕಿಲ್ಲ ಎಂಬ ಅರ್ಥವಿದೆ. ತನ್ನ ಲೋಕದ ರೀತಿಯನ್ನು ಆತ ಚೆನ್ನಾಗಿ ಬಲ್ಲವನಾಗಿದ್ದ. ತನ್ನ ಪಾಲಿಗೆ ಅದು ಹೀಗೆ ಅಕ್ಷರಶಃ ನಿಜವಾಗಬೇಕಿರಲಿಲ್ಲ.

ಕೊಲೆಗಾರ ಯಾರೆಂಬುದು ಇಂದಿಗೂ ನ್ಯಾಯಾಲಯದಲ್ಲಿ ಸಾಬೀತಾಗಿಲ್ಲ. ಕುಟುಂಬ 2002ರಲ್ಲಿ ಲಾಸ್ ಏಂಜಲೀಸ್ ನಗರಾಡಳಿತದ ವಿರುದ್ಧ ದಾವೆ ಹೂಡಿತು. ಪೊಲೀಸರು ಸಾಕ್ಷ್ಯವನ್ನು ಮರೆಮಾಚಿದ್ದರೆಂಬ ಕಾರಣಕ್ಕೆ 2005ರಲ್ಲಿ ವಿಚಾರಣೆ ರದ್ದಾಯಿತು. 2010ರಲ್ಲಿ ಮೊಕದ್ದಮೆ ತೀರ್ಪಿಲ್ಲದೆ ಮುಗಿಯಿತು. ಒಂದು ವಾರದಲ್ಲಿ ಎಷ್ಟು ಪ್ರತಿ ಮಾರಾಟವಾಯಿತೆಂದು ನಿಖರವಾಗಿ ಹೇಳಬಲ್ಲ ದೇಶಕ್ಕೆ, ಬೆಳಕಿದ್ದ ರಸ್ತೆಯಲ್ಲಿ ಜನರ ನಡುವೆ ಗುಂಡು ಹಾರಿಸಿದವರು ಯಾರೆಂದು ಹೇಳಲಾಗಲಿಲ್ಲ.

ವ್ಯಾಲೇಸ್ ಹೋದ ಮೇಲೆ ರ್‍ಯಾಪ್ ಆ ಪಟ್ಟಿಯ ಯಜಮಾನನೇ ಆಯಿತು. 2019ರಲ್ಲಿ 'ಓಲ್ಡ್ ಟೌನ್ ರೋಡ್' ಎಂಬ ರ್‍ಯಾಪ್ ಮತ್ತು ಕಂಟ್ರಿ ಬೆರಕೆಯ ಹಾಡು 19 ವಾರ ಮೊದಲ ಸ್ಥಾನದಲ್ಲಿ ನಿಂತು ಅದುವರೆಗಿನ ಎಲ್ಲ ದಾಖಲೆಗಳನ್ನು ಮುರಿಯಿತು. ಅದೇ ವರ್ಷದ ಜೂನ್‌ನಲ್ಲಿ, ಹುಡುಗನೊಬ್ಬ ಒಂದು ಕಾಲಕ್ಕೆ ಕೊಕೇನ್ ಮಾರುತ್ತಿದ್ದ ಫುಲ್ಟನ್ ಬೀದಿಯ ಮೂಲೆಯಲ್ಲಿ, ಸೇಂಟ್ ಜೇಮ್ಸ್ ಪ್ಲೇಸ್‌ಗೆ ಆತನ ಹೆಸರಿನ ಫಲಕ ಬಂತು. 2020ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಆತನನ್ನು ಸೇರಿಸಿಕೊಂಡಿತು. 2024ರಲ್ಲಿ 'ರೆಡಿ ಟು ಡೈ' ಅಮೆರಿಕದ ಸಂಸತ್ ಗ್ರಂಥಾಲಯದ ರಾಷ್ಟ್ರೀಯ ಧ್ವನಿಮುದ್ರಿಕೆಗಳ ಸಂಗ್ರಹಕ್ಕೆ ಆಯ್ಕೆಯಾಯಿತು.

ಇವೆಲ್ಲವನ್ನೂ ಮಗನ ಪರವಾಗಿ ಕಂಡವರು ತಾಯಿ. ಮಗನ ಮರಣದ ಬಳಿಕ 28 ವರ್ಷ ಆತನ ಹೆಸರನ್ನು ಕಾದು, ತಪ್ಪಿತಸ್ಥರಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದ ವೊಲೆಟಾ ವ್ಯಾಲೇಸ್ 2025ರ ಫೆಬ್ರುವರಿ 21ರಂದು ತೀರಿಕೊಂಡರು. ಮೊದಲ ಸ್ಥಾನದ ಎಲ್ಲ ಗೌರವಗಳೂ ಆಕೆಯ ಕಣ್ಣ ಮುಂದೆ ಸಂದವು. ಆಕೆ ಕೇಳಿದ ಒಂದೇ ಪ್ರಶ್ನೆಗೆ ಮಾತ್ರ ಕೊನೆಯವರೆಗೂ ಉತ್ತರ ಬರಲಿಲ್ಲ.